ನಿಮ್ಮ ಸೈಕಲ್ ನಾಲ್ಕನೇ ಪುಟದಲ್ಲಿದೆ

ಪ್ರಿಯ ಲೇಖಕರೇ,

ಮೂತಿ ಚಾಚಿದ ಸೈಕಲ್ಲೊಂದನ್ನು ನೀವೇ ನಕ್ಷೆ ಹಾಕಿ, ಬೆಸೆದು ಕಟ್ಟಿದ ಬಗ್ಗೆ ಕಳುಹಿಸಿದ ‘ನನ್ನ ಕನಸಿನ ಉದ್ದ ಸೈಕಲ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಒಂಬತ್ತು ಪುಟಗಳ ಈ ಬರಹದ ಒಳಗೆ ಒಂದು ಒಳ್ಳೆಯ ಲೇಖನ ಹುದುಗಿದೆ. ಅದರ ಮೇಲೆಯೇ ನಡೆದುಕೊಂಡು ನೀವು ಮುಂದೆ ಹೋಗಿಬಿಟ್ಟಿದ್ದೀರಿ.

ನಾಲ್ಕನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: “ಸಂಜೆ ವೆಲ್ಡಿಂಗ್ ಶೆಡ್ಡಿನಿಂದ ಮನೆಗೆ ತಂದೆ. ಅಮ್ಮ ಗೇಟು ತೆಗೆದು ನಿಂತಿದ್ದರು. ನಿಧಾನವಾಗಿ ಎಡಕ್ಕೆ ತಿರುಗಿಸುವಾಗ ಹ್ಯಾಂಡಲ್ ಯಾರೋ ಎಳೆದಂತೆ ಪೂರ್ತಿ ವಾಲಿಬಿಟ್ಟಿತು, ಕಂಬಕ್ಕೆ ಭುಜ ತಾಗಿತು. ಅಭ್ಯಾಸವಾದರೆ ಸರಿಹೋಗುತ್ತದೆ.” ಮುಂದಿನ ಸಾಲಿನಲ್ಲೇ ಬಣ್ಣದ ಡಬ್ಬಿ ಬಂದುಬಿಟ್ಟಿದೆ.

“ಯಾರೋ ಎಳೆದಂತೆ.” ಇಡೀ ಲೇಖನದಲ್ಲಿ ನಾನು ಗೆರೆ ಎಳೆದು ಗುರುತಿಟ್ಟುಕೊಂಡದ್ದು ಈ ಎರಡು ಪದಗಳಿಗೆ ಮಾತ್ರ. ಎಳೆದದ್ದು ಏನು ಎಂದು ನೀವು ಕೇಳಿಕೊಳ್ಳಲೇ ಇಲ್ಲ. ಅದು ಅಭ್ಯಾಸದ ಕೊರತೆಯಲ್ಲ. ನೀವೇ ಬರೆದ ನಕ್ಷೆ ನಿಮ್ಮನ್ನು ಕಂಬಕ್ಕೆ ತಳ್ಳಿತು. ಅದನ್ನು ಹೇಳಲು ಬೇಕಾದ ಅಂಕಿಗಳೆಲ್ಲ ನಿಮ್ಮ ಎರಡನೇ ಪುಟದಲ್ಲೇ ಇವೆ: ಹೆಡ್ ಟ್ಯೂಬಿನ (ಹ್ಯಾಂಡಲ್ ಕೂತು ತಿರುಗುವ ಮುಂದಿನ ಕೊಳವೆ) ಕೋನ ನೆಲದಿಂದ 50 ಡಿಗ್ರಿ, 26 ಇಂಚಿನ ಮುಂದಿನ ಚಕ್ರ, ಹಳೆಯ ಸೈಕಲ್ಲಿನಿಂದ ತೆಗೆದು ಕಾಲುಗಳನ್ನು ಉದ್ದ ಮಾಡಿದ, 45 ಮಿಲಿಮೀಟರ್ ಆಫ್‌ಸೆಟ್ ಇರುವ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲು. ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಚಕ್ರದ ಅಚ್ಚು ಎಷ್ಟು ಮುಂದಿದೆ ಎಂಬುದೇ ಆಫ್‌ಸೆಟ್.

ನಿಮ್ಮ ಲೇಖನ ಓದಿದ ಮೇಲೆ ನಾನು ನನ್ನ ಹಳೆಯ ಸೈಕಲ್ಲನ್ನು ಅಂಗಳಕ್ಕೆ ತಂದು ಗೋಡೆಗೆ ನೇರವಾಗಿ ಒರಗಿಸಿದೆ. ಹೆಡ್ ಟ್ಯೂಬಿನ ಪಕ್ಕಕ್ಕೆ ಒಂದು ಉದ್ದನೆಯ ಬಿದಿರು ಕಡ್ಡಿ ಹಿಡಿದು, ಅದೇ ಓರೆಯಲ್ಲಿ ಅದು ನೆಲ ಮುಟ್ಟುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮುಂದಿನ ಚಕ್ರದ ಅಚ್ಚಿನಿಂದ ದಾರಕ್ಕೆ ಕಟ್ಟಿದ ನಟ್ಟನ್ನು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಆರು ಸೆಂಟಿಮೀಟರ್ ಹಿಂದಿತ್ತು. ಇದೇ ಟ್ರೇಲ್. ತಿರುಗುವ ಅಕ್ಷ ಮುಂದೆ, ಟೈರು ನೆಲ ಮುಟ್ಟುವ ಜಾಗ ಹಿಂದೆ. ಆಸ್ಪತ್ರೆಯ ಟ್ರಾಲಿಯ ಪುಟ್ಟ ಚಕ್ರ ತಳ್ಳಿದ ದಿಕ್ಕಿಗೆ ತಾನೇ ತಿರುಗಿಕೊಂಡು ಹಿಂಬಾಲಿಸುವುದೂ ಹೀಗೆಯೇ. ಓದುಗರಿಗೆ ಈ ಎರಡು ಗುರುತುಗಳನ್ನು ತೋರಿಸಿ. “ಸ್ಟೀಯರಿಂಗ್ ಜ್ಯಾಮಿತಿ ಒಂದು ಅದ್ಭುತ ವಿಜ್ಞಾನ” ಎಂಬ ನಿಮ್ಮ ವಾಕ್ಯವನ್ನು ಆಮೇಲೆ ನೀವೇ ಹೊಡೆದುಹಾಕುತ್ತೀರಿ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಟೈರು ಸೇರಿ ಚಕ್ರದ ತ್ರಿಜ್ಯ 330 ಮಿಲಿಮೀಟರ್. ಅದನ್ನು 50 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ 212. ಆಫ್‌ಸೆಟ್ 45 ಕಳೆದರೆ 167. ಅದನ್ನು 50 ಡಿಗ್ರಿಯ ಸೈನ್‌ನಿಂದ ಭಾಗಿಸಿದರೆ 218. ನಿಮ್ಮ ಸೈಕಲ್ಲಿನ ಟ್ರೇಲ್ 218 ಮಿಲಿಮೀಟರ್! ಹೆಡ್ ಕೋನ 73 ಡಿಗ್ರಿ, ತ್ರಿಜ್ಯ 340, ಆಫ್‌ಸೆಟ್ 45 ಇರುವ ಸಾಧಾರಣ ಸೈಕಲ್ಲಿಗೆ ಇದೇ ಲೆಕ್ಕ ಹಾಕಿದರೆ 57 ಬರುತ್ತದೆ.

“ಟ್ರೇಲ್ ಹೆಚ್ಚಿದಷ್ಟೂ ಸೈಕಲ್ ಸ್ಥಿರ” ಎಂದು ನೀವು ಬರೆದಿದ್ದೀರಿ. ನೇರ ರಸ್ತೆಯಲ್ಲಿ, ವೇಗದಲ್ಲಿ, ಅದು ಬಹುಮಟ್ಟಿಗೆ ನಿಜ. ಗೇಟಿನ ಬಳಿ ಅಲ್ಲ. ಹೆಡ್ ಟ್ಯೂಬ್ ಓರೆಯಾಗಿ ಟ್ರೇಲ್ ದೊಡ್ಡದಾದಾಗ, ಹ್ಯಾಂಡಲ್ ತಿರುಗಿಸಿದರೆ ಸೈಕಲ್ಲಿನ ಮೂತಿ ತುಸು ಕೆಳಗಿಳಿಯುತ್ತದೆ. ಇಳಿಯಲು ದಾರಿ ಸಿಕ್ಕ ಭಾರ ಇಳಿಯುತ್ತಲೇ ಹೋಗುತ್ತದೆ, ಹ್ಯಾಂಡಲನ್ನೂ ಜೊತೆಗೆ ಎಳೆದುಕೊಂಡು. ಇದನ್ನು ವೀಲ್ ಫ್ಲಾಪ್ ಎನ್ನುತ್ತಾರೆ. ಕನ್ನಡದಲ್ಲಿ ‘ವಾಲಿಕೆ’ ಎಂದರೆ ಸಾಕು, ನೀವೇ ‘ವಾಲಿಬಿಟ್ಟಿತು’ ಎಂದು ಬರೆದಿದ್ದೀರಲ್ಲ. ಟ್ರೇಲನ್ನು ಕೋನದ ಸೈನ್ ಮತ್ತು ಕೊಸೈನ್ ಎರಡರಿಂದಲೂ ಗುಣಿಸಿದರೆ ಅದರ ಅಳತೆ ಸಿಗುತ್ತದೆ. ಸಾಧಾರಣ ಸೈಕಲ್ಲಿಗೆ 16 ಮಿಲಿಮೀಟರ್, ನಿಮ್ಮದಕ್ಕೆ 107. ಅಮ್ಮನ ಕಣ್ಣೆದುರು ನಿಮ್ಮ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡದ್ದು ಈ 107.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಕೋನವನ್ನು 60 ಡಿಗ್ರಿಗೆ ಏರಿಸಿ ಅದೇ ಫೋರ್ಕ್ ಇಟ್ಟುಕೊಂಡರೆ ಟ್ರೇಲ್ 139ಕ್ಕೆ ಇಳಿಯುತ್ತದೆ, ವಾಲಿಕೆ 60ಕ್ಕೆ. ಅದೂ ಹೆಚ್ಚೇ. ನಿಮಗೆ ಆ ಚಾಚಿದ ಮೂತಿಯ ಅಂದವೇ ಬೇಕು, 50 ಡಿಗ್ರಿ ಬಿಡಲಾರಿರಿ ಎಂದರೆ ಆಫ್‌ಸೆಟ್ ಬೆಳೆಯಬೇಕು. ಫೋರ್ಕಿನ ಕಾಲುಗಳನ್ನು ಹಿಡಿಯುವ ಮೇಲಿನ, ಕೆಳಗಿನ ಪಟ್ಟಿಗಳನ್ನು ಮುಂದಕ್ಕೆ ಚಾಚಿ, ಅಚ್ಚು ಕೂರುವ ತುದಿಗಳನ್ನೂ ಮುಂದಕ್ಕೆ ತಂದು ಒಟ್ಟು 150 ಮಿಲಿಮೀಟರ್ ಮಾಡಿದರೆ ಟ್ರೇಲ್ 81, ವಾಲಿಕೆ 40. ಹೊರನೋಟ ಹೆಚ್ಚುಕಡಿಮೆ ಅದೇ, ಸವಾರಿ ಪೂರ್ತಿ ಬೇರೆ. ಫೋರ್ಕಿನ ಕಾಲು ಉದ್ದ ಮಾಡಿದ್ದರಿಂದ ಏನು ಬದಲಾಯಿತು ಎಂಬುದನ್ನೂ ಹೇಳಿ. ಮೂತಿ ಮೇಲೆದ್ದು ಹೆಡ್ ಕೋನ ಇನ್ನಷ್ಟು ಮಲಗುತ್ತದೆ. ನಿಮ್ಮ 50 ಡಿಗ್ರಿ ನಕ್ಷೆಯಲ್ಲಿದ್ದ ಅಂಕಿಯೋ, ಸೈಕಲ್ ನೆಲದ ಮೇಲೆ ನಿಂತ ಮೇಲೆ ಅಳೆದದ್ದೋ? ಲೇಖನದಲ್ಲಿ ಅದಿಲ್ಲ.

ಪದಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ‘ರೇಕ್’ ಎಂಬುದನ್ನು ನೀವು ಎರಡನೇ ಪುಟದಲ್ಲಿ ಕೋನಕ್ಕೂ ಐದನೇ ಪುಟದಲ್ಲಿ ಆಫ್‌ಸೆಟ್‌ಗೂ ಬಳಸಿದ್ದೀರಿ. ತಪ್ಪು ಪೂರ್ತಿ ನಿಮ್ಮದಲ್ಲ. ಮೋಟರ್ ಸೈಕಲ್ಲಿನವರು ಹೆಡ್ ಟ್ಯೂಬ್ ಲಂಬದಿಂದ ಎಷ್ಟು ವಾಲಿದೆ ಎಂಬುದಕ್ಕೆ ರೇಕ್ ಎನ್ನುತ್ತಾರೆ, ಸೈಕಲ್ಲಿನವರು ಫೋರ್ಕಿನ ಆಫ್‌ಸೆಟ್‌ಗೇ ರೇಕ್ ಎನ್ನುತ್ತಾರೆ. ನಿಮ್ಮದರಂಥ, ಮೂತಿ ಚಾಚಿದ ಚಾಪರ್ ಶೈಲಿಯ ಸೈಕಲ್ ಈ ಎರಡೂ ಮನೆಗಳ ಕೂಸು, ಹಾಗಾಗಿ ಗೊಂದಲ ಸಹಜ. ಆದರೆ ನಿಮ್ಮನ್ನು ನಂಬಿ ಹದಿನಾರರ ಹುಡುಗನೊಬ್ಬ ಕಬ್ಬಿಣ ಕತ್ತರಿಸಲು ಹೊರಟರೆ? ‘ಹೆಡ್ ಕೋನ’, ‘ಆಫ್‌ಸೆಟ್’ ಎಂದಷ್ಟೇ ಬರೆಯಿರಿ, ‘ರೇಕ್’ ಬಿಟ್ಟುಬಿಡಿ.

ಸೈಕಲ್ ಬೀಳದೆ ನಿಲ್ಲುವುದು ಚಕ್ರಗಳ ಬುಗುರಿ ಗುಣದಿಂದ (ವೇಗವಾಗಿ ಸುತ್ತುವ ವಸ್ತು ತನ್ನ ಅಕ್ಷದ ದಿಕ್ಕನ್ನು ಬಿಡದಿರುವ ಗುಣ) ಎಂಬ ಪ್ಯಾರಾ ತೆಗೆಯಿರಿ. 1970ರಲ್ಲೇ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಮುಂದಿನ ಚಕ್ರದ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಚಕ್ರ ಕಟ್ಟಿ, ಆ ಗುಣವನ್ನು ಅಳಿಸಿಹಾಕಿ, ಆ ಸೈಕಲ್ಲನ್ನು ಓಡಿಸಿ ತೋರಿಸಿದರು. ಹಾಗೆಂದು ಟ್ರೇಲ್ ಒಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದೂ ಬರೆಯಬೇಡಿ. 2011ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳವರು ಸೇರಿದ್ದ ತಂಡವೊಂದು, ಬುಗುರಿ ಗುಣವನ್ನು ಅಳಿಸಿ, ಟೈರಿನ ಗುರುತನ್ನು ಅಕ್ಷಕ್ಕಿಂತ ತುಸು ಮುಂದಿಟ್ಟರೂ ತಾನಾಗಿಯೇ ನೆಟ್ಟಗೆ ಸಾಗುವ ಸೈಕಲ್ ಮಾದರಿಯನ್ನು ಕಟ್ಟಿತು. ಭಾರ ಎಲ್ಲೆಲ್ಲಿ ಕೂತಿದೆ ಎಂಬುದಕ್ಕೂ ಪಾತ್ರವಿದೆ. ನಿಮ್ಮ ಸೀಟು ಹಿಂದಿನ ಚಕ್ರದ ಮೇಲೆಯೇ ಇದೆ, ಮುಂದಿನ ಚಕ್ರ ಹಗುರ. ತಿರುವಿನಲ್ಲಿ ಅದು ಜಾರಿದ ಅನುಭವ ನಿಮಗೆ ಆಗಿರಲೇಬೇಕು. ಬರೆಯಿರಿ.

ಇತಿಹಾಸದ ಎರಡು ಪುಟ ಒಂದು ಪ್ಯಾರಾ ಆಗಲಿ. ಅಮೆರಿಕದ ಶ್ವಿನ್ ಸ್ಟಿಂಗ್‌ರೇ ಸೈಕಲ್ 1963ರದು, ಸರಿ. ಆದರೆ ಇಂಗ್ಲೆಂಡಿನ ರ್‍ಯಾಲಿ ಚಾಪರ್ ಸೈಕಲ್ಲಿನ ವಿನ್ಯಾಸ ಆ ಕಂಪನಿಯ ಅಲನ್ ಓಕ್ಲಿಯವರದೇ ಎಂದು ತೀರ್ಪು ಕೊಡಬೇಡಿ. ವಿನ್ಯಾಸ ಸಂಸ್ಥೆ ಓಗಲ್ ಡಿಸೈನ್‌ನ ಟಾಮ್ ಕ್ಯಾರೆನ್ ಅದು ತಮ್ಮದು ಎಂದಿದ್ದರು. ವಿವಾದ ಇದೆ ಎಂದು ಹೇಳಿದರೆ ಸಾಕು. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿಯನ್ನು ನೀವು ಬಿಟ್ಟಿದ್ದೀರಿ: ಅದೇ ಚಾಪರ್ ಸೈಕಲ್ಲಿನ 1972ರ ಎರಡನೇ ಆವೃತ್ತಿಯಲ್ಲಿ ಸೈಕಲ್ ಹಿಂದಕ್ಕೆ ಮಗುಚದಿರಲೆಂದು ಸೀಟನ್ನು ಮುಂದಕ್ಕೆ ತಂದರು. ದೊಡ್ಡ ಕಾರ್ಖಾನೆಯೂ ಮಾರಿದ ಮೇಲೆ ತಿದ್ದಿಕೊಂಡಿತು ಎಂಬುದು ನಿಮ್ಮ ಕಥೆಗೆ ಬಲ ಕೊಡುತ್ತದೆ.

ಚೌಕಟ್ಟಿನ ಬಗ್ಗೆ ನೀವು ಎಂಟೇ ಸಾಲು ಬರೆದಿದ್ದೀರಿ, ಬಣ್ಣಕ್ಕೆ ಒಂದೂವರೆ ಪುಟ. ಅದಲುಬದಲು ಮಾಡಿ. ಕೊಳವೆಯ ಉದ್ದ ಇಮ್ಮಡಿಯಾದರೆ ಅದೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. “ಪೆಡಲ್ ತುಳಿದಾಗ ನಡು ಕುಣಿಯುತ್ತಿತ್ತು” ಎಂಬ ನಿಮ್ಮ ಸಾಲಿಗೆ ಕಾರಣ ಇದು. ಅಡ್ಡಕೊಳವೆ ಯಾವ ದಪ್ಪದ್ದು, ಕೆಳಗೆ ಎರಡನೇ ಕೊಳವೆ ಯಾಕೆ ಹಾಕಿದಿರಿ, ಬೆಸುಗೆಯ ಬಿಸಿಗೆ ಚೌಕಟ್ಟು ಎತ್ತ ಎಳೆಯಿತು, ಹೇಗೆ ನೆಟ್ಟಗೆ ಮಾಡಿದಿರಿ ಎಂಬುದೆಲ್ಲ ಬೇಕು. ಚಕ್ರಗಳ ಅಂತರ 1,780 ಮಿಲಿಮೀಟರ್ ಎಂದಿದ್ದೀರಿ. ಮುಂದಿನ ಚಕ್ರ ನೆಲದ ಮೇಲೆ 20 ಡಿಗ್ರಿ ತಿರುಗಿದಾಗ ಹಿಂದಿನ ಚಕ್ರ ಬಿಡಿಸುವ ವೃತ್ತದ ತ್ರಿಜ್ಯ ಸುಮಾರು 4.9 ಮೀಟರ್. 1,050 ಮಿಲಿಮೀಟರಿನ ಸೈಕಲ್ಲಿಗೆ 2.9 ಸಾಕು. ನಿಮ್ಮ ಬೀದಿಯ ಅಗಲ ಎಷ್ಟು?

ಒಂದು ಮಾತನ್ನು ಮಾತ್ರ ನೀವು ಸೇರಿಸಲೇಬೇಕು. ಗೇಟಿಗೆ ತಂದಿದ್ದ ಜಿಐ ಪೈಪನ್ನು ಹಾಗೆಯೇ ಬೆಸೆದೆವು ಎಂದು ಬರೆದಿದ್ದೀರಿ. ಆ ಸತುವಿನ ಲೇಪ ಸುಟ್ಟ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ ಜ್ವರ ಬರಬಹುದು. ಲೇಪವನ್ನು ಉಜ್ಜಿ ತೆಗೆಯಬೇಕು, ಗಾಳಿ ಆಡಬೇಕು, ಮೊದಲಿಗೆ ಆ ಪೈಪನ್ನೇ ಆರಿಸಬಾರದು. ಇದಿಲ್ಲದ ಲೇಖನವನ್ನು ನಾನು ಅಚ್ಚಿಗೆ ಕಳುಹಿಸುವುದಿಲ್ಲ.

ಚೈನಿನ ಭಾಗ ಚೆನ್ನಾಗಿದೆ, ಮುಟ್ಟಬೇಡಿ.

ಹೊಸದಾಗಿ ಬರೆಯುವಾಗ ಗೇಟಿನಿಂದ ಶುರು ಮಾಡಿ. ಭುಜ ತಾಗಿದ ಕಂಬ, ಆಮೇಲೆ ಅಂಗಳದ ಎರಡು ಗುರುತು, ಆಮೇಲೆ 218. ಹೊಸ ಫೋರ್ಕ್ ಮಾಡಿಸಲು ಹಣ, ಸಮಯ ಬೇಕು ಎಂದು ಬಲ್ಲೆ, ಅವಸರವಿಲ್ಲ. ಅದು ತಯಾರಾದ ಸಂಜೆ ಅದೇ ಗೇಟಿನಲ್ಲಿ, ಅಷ್ಟೇ ನಿಧಾನವಾಗಿ, ಎಡಕ್ಕೆ ತಿರುಗಿಸಿ ನೋಡಿ. ಹ್ಯಾಂಡಲ್ ಮತ್ತೆ ವಾಲಿದರೂ ಸರಿ, ಎಷ್ಟು ವಾಲಿತು ಎಂದು ಬರೆದು ಕಳುಹಿಸಿ.

ಇಂತಿ,
ಸಂಪಾದಕ