ಓದುಗರ ಪ್ರಶ್ನೆಗೆ ಉತ್ತರ: ಮಗುವಿನೊಡನೆ ಪ್ರವಾಸ, ಯಾವ ರೂಮು ಹಿಡಿಯಬೇಕು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ನಾವು ಕಾರವಾರದಲ್ಲಿ ಮೂರು ರಾತ್ರಿ ಉಳಿಯಬೇಕೆಂದಿದ್ದೇವೆ. ಜೊತೆಗೆ ನಾಲ್ಕು ವರ್ಷದ ಮಗಳು ಮತ್ತು ಮಂಡಿನೋವಿರುವ ಅತ್ತೆ ಇರುತ್ತಾರೆ. ಕಡಲಿಗೆ ಎದುರಾಗಿರುವ ಒಂದು ರೂಮನ್ನು ನಮ್ಮ ಯಜಮಾನರು ಮೊಬೈಲಿನಲ್ಲಿ ನೋಡಿದ್ದಾರೆ. ಚಿತ್ರಗಳು ಬಹಳ ಚೆನ್ನಾಗಿವೆ. ಬಸ್ ನಿಲ್ದಾಣದ ಹತ್ತಿರದ ಸಾಧಾರಣ ಲಾಡ್ಜೇ ಸಾಕೆಂದು ಅತ್ತೆಯವರು ಹೇಳುತ್ತಾರೆ. ಎರಡರ ಬಾಡಿಗೆಯೂ ಹೆಚ್ಚುಕಡಿಮೆ ಒಂದೇ, ದಿನಕ್ಕೆ 2,800 ರೂಪಾಯಿ. ನಾವು ಸಸ್ಯಾಹಾರಿಗಳು. ಬಸ್ಸಿನಲ್ಲಿ ಹೋಗುತ್ತೇವೆ. ಯಾವುದನ್ನು ಆರಿಸುವುದು ಒಳ್ಳೆಯದು?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ, ಆದರೆ ಅವರು ಹೇಳಿದ ಲಾಡ್ಜು ಕೆಲವು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಅದನ್ನು ಹಿಡಿಯಿರಿ. ನಾಲ್ಕು ವರ್ಷದ ಮಗು ಜೊತೆಗಿದ್ದಾಗ ರೂಮನ್ನು ಕಿಟಕಿಯಿಂದ ಏನು ಕಾಣುತ್ತದೆ ಎಂಬುದರಿಂದ ಅಳೆಯಬಾರದು. ಮಗುವಿನ ಒಂದು ದಿನ ಆ ರೂಮಿನಲ್ಲಿ ಹೇಗೆ ಕಳೆಯುತ್ತದೆ, ಬೆಳಗಿನ ಸ್ನಾನ, ಮಧ್ಯಾಹ್ನದ ಊಟ, ಊಟದ ಮೇಲಿನ ನಿದ್ದೆ, ರಾತ್ರಿಯ ಸದ್ದು ಹೇಗಿರುತ್ತವೆ ಎಂಬುದನ್ನು ಕಲ್ಪಿಸಿಕೊಂಡು ಅಳೆಯಬೇಕು. ಮಗು ನಿದ್ದೆಗೆಟ್ಟು ರಚ್ಚೆ ಹಿಡಿದರೆ ಎಷ್ಟು ಚೆಂದದ ಕಡಲು ಎದುರಿಗಿದ್ದರೂ ಅದನ್ನು ನೋಡುವ ಮನಸ್ಸು ಯಾರಿಗೂ ಇರುವುದಿಲ್ಲ.

ಮೊದಲು ಊರಿನ ಸ್ವರೂಪವನ್ನು ಗಮನಿಸಿ. ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರವು ಪೇಟೆಗೆ ತಾಗಿಕೊಂಡೇ ಇದೆಯಾದರೂ ಪೇಟೆಗೂ ತೀರಕ್ಕೂ ನಡುವೆ 66ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಆದ್ದರಿಂದ ‘ಕಡಲಿಗೆ ಇನ್ನೂರು ಮೀಟರ್’ ಎಂದು ಬರೆದಿರುವ ರೂಮಿನಿಂದ ಹೊರಟವರು ಆ ಇನ್ನೂರು ಮೀಟರಿನಲ್ಲಿ ಲಾರಿಗಳು ಓಡಾಡುವ ರಸ್ತೆಯನ್ನು ದಾಟಬೇಕಾಗಬಹುದು. ಕೈ ಬಿಡಿಸಿಕೊಂಡು ನೀರಿನ ಕಡೆಗೆ ಓಡುವ ವಯಸ್ಸಿನ ಮಗಳು ಒಂದು ಕಡೆ, ನಿಧಾನವಾಗಿ ಹೆಜ್ಜೆಯಿಡುವ ಅತ್ತೆಯವರು ಇನ್ನೊಂದು ಕಡೆ ಇರುವಾಗ ಇದು ಸಣ್ಣ ಸಂಗತಿಯಲ್ಲ. ಫೋನಿನಲ್ಲಿ ಮಾತನಾಡುವಾಗ ದೂರವನ್ನು ಕೇಳುವುದರ ಜೊತೆಗೆ ಯಾವ ಜಾಗದಲ್ಲಿ ರಸ್ತೆ ದಾಟಬೇಕು ಎಂಬುದನ್ನೂ ಕೇಳಿರಿ. ಹೆದ್ದಾರಿಯ ಕಡೆಗೆ ಕಿಟಕಿಯಿರುವ ರೂಮಾದರೆ ರಾತ್ರಿಯಿಡೀ ಹಾರ್ನಿನ ಸದ್ದು ಕೇಳಿಸುತ್ತದೆ. ಹಿಂಬದಿಯ ರೂಮು ಇದೆಯೇ ಎಂದು ವಿಚಾರಿಸಿ, ಇದ್ದರೆ ಅದನ್ನೇ ಪಡೆಯಿರಿ.

ಕಡಲಿಗೆ ಎದುರಾದ ರೂಮಿನ ಬಗ್ಗೆ ಚಿತ್ರಗಳಲ್ಲಿ ಕಾಣದ ಇನ್ನೊಂದು ವಿಷಯವಿದೆ. ನಮ್ಮ ಕಡಲು ಪಶ್ಚಿಮಕ್ಕಿದೆ. ಕಡಲು ಕಾಣುವ ಕಿಟಕಿ ಎಂದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಂದು ಬೀಳುವ ಕಿಟಕಿ. ಎರಡು ಗಂಟೆಯಿಂದ ಸಂಜೆಯವರೆಗೆ, ಅಂದರೆ ಮಗು ಮಲಗಬೇಕಾದ ಹೊತ್ತಿನಲ್ಲೇ, ಆ ಗೋಡೆ ಕಾಯುತ್ತಿರುತ್ತದೆ. ಡಿಸೆಂಬರಿನ ಶಿರಸಿಯ ಚಳಿಯಿಂದ ಘಟ್ಟ ಇಳಿದು ಬಂದವರಿಗೆ ಕರಾವಳಿಯ ಮಧ್ಯಾಹ್ನದ ಸೆಖೆ ಆ ತಿಂಗಳಲ್ಲೂ ಬೇಗ ತಟ್ಟುತ್ತದೆ. ದಪ್ಪ ಪರದೆಯೂ ಎಸಿಯೂ ಇದ್ದರೆ ತೊಂದರೆ ಕಡಿಮೆ. ಬರೀ ಫ್ಯಾನು ಇರುವ ಪಶ್ಚಿಮದ ರೂಮನ್ನು ಮಗುವಿಗಾಗಿ ನಾನು ಆರಿಸಲಾರೆ. ಸೂರ್ಯಾಸ್ತವನ್ನು ನೋಡಲು ಹೇಗೂ ತೀರಕ್ಕೇ ಹೋಗುತ್ತೀರಿ. ಆ ತಿಂಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಮಗುವಿನ ಊಟದ ಹೊತ್ತಿಗೆ ರೂಮಿಗೆ ಮರಳುವುದೂ ಸುಲಭ.

ಇನ್ನು ತಲುಪುವ ಸಮಯ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಮತ್ತು ಅಂಕೋಲಾ ದಾಟಿ ಬರುವ ಈ ದಾರಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಾಮಾನ್ಯ. ಬೆಳಗಿನ ಬಸ್ಸು ಹಿಡಿದರೆ ಹನ್ನೊಂದರ ಒಳಗೆ ಕಾರವಾರ ತಲುಪುತ್ತೀರಿ, ಮತ್ತು ಆ ಹೊತ್ತಿಗೆ ಮಗಳಿಗೆ ಬೇಕಾಗುವುದು ಮುಖ ತೊಳೆದು ಮಲಗಲು ಒಂದು ಜಾಗ. ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ಅಥವಾ ಒಂದು ಗಂಟೆಯ ಮೊದಲು ರೂಮು ಕೊಡುವುದಿಲ್ಲ. ಹೊರಡುವ ದಿನ ಹತ್ತು ಅಥವಾ ಹನ್ನೊಂದಕ್ಕೆ ಬಿಟ್ಟುಕೊಡಬೇಕು. ಪೇಟೆಯ ಹಲವು ಲಾಡ್ಜುಗಳಲ್ಲಿ ಇಪ್ಪತ್ನಾಲ್ಕು ಗಂಟೆಯ ಲೆಕ್ಕವಿರುತ್ತದೆ. ನೀವು ಹನ್ನೊಂದಕ್ಕೆ ಒಳಗೆ ಬಂದರೆ ಕೊನೆಯ ದಿನ ಹನ್ನೊಂದರವರೆಗೂ ರೂಮು ನಿಮ್ಮದೇ. ಮಗುವಿರುವ ಕುಟುಂಬಕ್ಕೆ ಈ ಪದ್ಧತಿ ಬಹಳ ಅನುಕೂಲ. ಇವೆರಡರಲ್ಲಿ ಯಾವ ಲೆಕ್ಕ ನಡೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬಿಸಿನೀರಿನ ವಿಷಯದಲ್ಲಿ ನನ್ನದೇ ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ, ಮೂರು ವರ್ಷದ ಮಗನೊಡನೆ, ‘ದಿನವಿಡೀ ಬಿಸಿನೀರು’ ಎಂದು ಬರೆದಿದ್ದ ಲಾಡ್ಜಿನಲ್ಲಿ ಉಳಿದಿದ್ದೆವು. ಸಂಜೆ ಮೈಯೆಲ್ಲ ಮರಳು ಮಾಡಿಕೊಂಡು ಬಂದ ಮಗುವಿಗೆ ಸ್ನಾನ ಮಾಡಿಸಲು ನಲ್ಲಿ ತಿರುಗಿಸಿದರೆ ತಣ್ಣೀರು. ಅದು ಸೋಲಾರಿನ ನೀರು, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಎಂದು ಕೌಂಟರಿನಲ್ಲಿ ಆಮೇಲೆ ತಿಳಿಸಿದರು. ಅಡುಗೆಮನೆಯಿಂದ ಒಂದು ಬಕೆಟ್ ಕಾಯಿಸಿದ ನೀರನ್ನು ಕೇಳಿ ಪಡೆಯಲು ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟರಲ್ಲಿ ಮಗು ಉಪ್ಪುನೀರಿನ ಮೈಯಲ್ಲೇ ನಿದ್ದೆ ಹೋಗಿದ್ದ. ಅಂದಿನಿಂದ ನಾನು ‘ಬಿಸಿನೀರು ಇದೆಯೇ’ ಎಂದು ಕೇಳುವುದನ್ನು ಬಿಟ್ಟು, ‘ಸಂಜೆ ಏಳು ಗಂಟೆಗೆ ಬಿಸಿನೀರು ಬರುತ್ತದೆಯೇ, ಬಚ್ಚಲಿನಲ್ಲಿ ಗೀಸರ್ ಇದೆಯೇ’ ಎಂದು ಕೇಳುತ್ತೇನೆ. ಬಕೆಟ್ ಮತ್ತು ಮಗ್ ಇವೆಯೇ ಎಂಬುದನ್ನೂ ಕೇಳಿ. ಬರೀ ಶವರ್ ಇರುವ ಬಚ್ಚಲಿನಲ್ಲಿ ಸಣ್ಣ ಮಕ್ಕಳಿಗೆ ಸ್ನಾನ ಮಾಡಿಸುವುದು ಕಷ್ಟ. ಅತ್ತೆಯವರ ಮಂಡಿಗಾಗಿ ಕಮೋಡ್ ಮತ್ತು ಲಿಫ್ಟ್ ಬೇಕೇ ಬೇಕು. ಲಿಫ್ಟ್ ಇಲ್ಲವಾದರೆ ನೆಲಮಹಡಿಯ ರೂಮನ್ನೇ ಕೇಳಿ.

ರೂಮಿಗೆ ಕಾಲಿಟ್ಟ ಕೂಡಲೇ ಬ್ಯಾಗು ಬಿಚ್ಚುವ ಮೊದಲು ಬಾಲ್ಕನಿಯನ್ನು ನೋಡಬೇಕು. ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಸಂದಿಯಿದ್ದರೆ, ಅಥವಾ ಅಡ್ಡಕಂಬಿಗಳು ಏಣಿಯಂತೆ ಹತ್ತಲು ಬರುವ ಹಾಗಿದ್ದರೆ, ಬೇರೆ ರೂಮು ಕೇಳಿ. ಇದರಲ್ಲಿ ದಾಕ್ಷಿಣ್ಯ ಬೇಡ. ಬಾಲ್ಕನಿಯಲ್ಲಿ ಹಾಕಿರುವ ಕುರ್ಚಿಗಳನ್ನು ಒಳಗೆ ತಂದಿಡಿ, ಏಕೆಂದರೆ ಎದೆಮಟ್ಟದ ಗೋಡೆಯೂ ಕುರ್ಚಿಯ ಮೇಲೆ ನಿಂತ ಮಗುವಿಗೆ ಮೊಣಕಾಲಿನಷ್ಟೇ ಆಗುತ್ತದೆ. ಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕವಿರಬೇಕು. ಮಂಚದ ಒಂದು ಬದಿಯನ್ನು ಗೋಡೆಗೆ ತಾಗಿಸಿಕೊಂಡರೆ ರಾತ್ರಿ ಉರುಳಿ ಬೀಳುವ ಭಯವಿಲ್ಲ. ಕಿಟಕಿಗೆ ಸೊಳ್ಳೆಪರದೆ ಇಲ್ಲದಿದ್ದರೆ ಸಂಜೆ ಐದೂವರೆಗೇ ಮುಚ್ಚಿಬಿಡಿ.

ಊಟದ ವಿಷಯ. ಕಾರವಾರದಲ್ಲಿ ‘ಹೋಟೆಲು ಎಲ್ಲಿದೆ’ ಎಂದು ಕೇಳಿದರೆ ಊಟದ ಮನೆಯನ್ನು ತೋರಿಸುತ್ತಾರೆ. ಉಳಿಯುವ ಜಾಗಕ್ಕೆ ಲಾಡ್ಜ್ ಅಥವಾ ರೂಮು ಎಂದೇ ಕೇಳಬೇಕು. ಅದು ಮೀನಿನ ಊರು, ಹಲವು ಲಾಡ್ಜುಗಳ ಕೆಳಗಿರುವ ಊಟದ ಮನೆಗಳಲ್ಲಿ ಮೀನೂಟವೇ ಮುಖ್ಯ. ಇದರಲ್ಲಿ ತಪ್ಪೇನಿಲ್ಲ, ಆದರೆ ಅತ್ತೆಯವರು ಅಂಥ ಕಡೆ ಉಣ್ಣುವುದಿಲ್ಲವೆಂದಾದರೆ ದಿನಕ್ಕೆ ಮೂರು ಸಲ ಆಟೋ ಹಿಡಿದು ಹೊರಗೆ ಹೋಗಬೇಕಾಗುತ್ತದೆ. ಬಸ್ ನಿಲ್ದಾಣ ಮತ್ತು ಪೇಟೆಯ ಸುತ್ತ ಇಡ್ಲಿ, ದೋಸೆ, ಅನ್ನ-ಸಾರು ಸಿಗುವ ಸಸ್ಯಾಹಾರಿ ಹೋಟೆಲುಗಳಿವೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಥದ್ದೊಂದು ಇರುವುದೇ ಪೇಟೆಯ ಲಾಡ್ಜಿನ ದೊಡ್ಡ ಗುಣ. ಖಾರವಿಲ್ಲದ ಅನ್ನ-ಮೊಸರನ್ನು ರಾತ್ರಿ ಎಂಟರ ಮೊದಲು ಕೊಡಬಲ್ಲ ಹೋಟೆಲನ್ನು ಮೊದಲ ದಿನವೇ ಹುಡುಕಿಟ್ಟುಕೊಳ್ಳಿ.

ಪೇಟೆಯನ್ನು ನಾನು ಒತ್ತಿ ಹೇಳುವುದಕ್ಕೆ ಮತ್ತೊಂದು ಕಾರಣವಿದೆ. ಕಾಳಿ ನದಿಯ ಆಚೆ ಸದಾಶಿವಗಡ, ಮಾಜಾಳಿ ಕಡೆಯ ತಂಗುದಾಣಗಳು ಶಾಂತವಾಗಿವೆ, ಸ್ವಂತ ಕಾರಿನಲ್ಲಿ ಬರುವವರಿಗೆ ಅವೇ ಒಳ್ಳೆಯವೆಂದರೂ ತಪ್ಪಲ್ಲ. ಬಸ್ಸಿನಲ್ಲಿ ಬರುವ ನಿಮಗೆ ಮಾತ್ರ, ಮಧ್ಯರಾತ್ರಿ ಮಗಳಿಗೆ ಜ್ವರ ಬಂದರೆ ಜಿಲ್ಲಾ ಆಸ್ಪತ್ರೆಯೂ ಔಷಧದ ಅಂಗಡಿಯೂ ಇರುವ ಪೇಟೆಯಲ್ಲಿರುವುದೇ ನೆಮ್ಮದಿ. ಮಗಳು ಖುಷಿಪಡುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯವೂ ಟ್ಯಾಗೋರ್ ತೀರದಲ್ಲೇ ಇದೆ. ಬೆಳಿಗ್ಗೆ ತೀರ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ನೌಕೆ ಎಂದು ದಿನವನ್ನು ಹಂಚಿಕೊಳ್ಳಬಹುದು. ನೀರಿಗಿಳಿಯುವುದಾದರೆ ಕಾಳಿ ನದಿ ಕಡಲನ್ನು ಸೇರುವ ಕೋಡಿಬಾಗದ ಕಡೆ ಬೇಡ. ನದೀಮುಖದ ಸೆಳೆತ ದೊಡ್ಡವರನ್ನೂ ಎಳೆದೊಯ್ಯಬಲ್ಲದು.

ಹಣದ ಲೆಕ್ಕವನ್ನು ಮೊದಲೇ ಬಿಡಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಹೆಚ್ಚಿನವಕ್ಕೆ ಶೇಕಡಾ 18. ನಿಮ್ಮ 2,800 ರೂಪಾಯಿಗೆ ಅತ್ತೆಯವರ ಹೆಚ್ಚುವರಿ ಹಾಸಿಗೆಗೆಂದು 600 ಸೇರಿಸಿದರೆಂದುಕೊಳ್ಳಿ. ಒಟ್ಟು 3,400ಕ್ಕೆ ತೆರಿಗೆ 170, ಅಲ್ಲಿಗೆ ದಿನಕ್ಕೆ 3,570, ಮೂರು ರಾತ್ರಿಗೆ 10,710 ರೂಪಾಯಿ. ಮೊಬೈಲಿನಲ್ಲಿ ಕಾಣುವ ಬೆಲೆಯಲ್ಲಿ ತೆರಿಗೆಯಾಗಲಿ ಹೆಚ್ಚುವರಿ ಹಾಸಿಗೆಯಾಗಲಿ ಸೇರಿರದೆ ಇರಬಹುದು. ಬೆಲೆಯನ್ನು ಅಲ್ಲಿ ನೋಡಿದರೂ ಒಮ್ಮೆ ನೇರವಾಗಿ ಕೌಂಟರಿಗೆ ಫೋನು ಮಾಡಿ. ಅದೇ ಬಾಡಿಗೆಗೆ ಹಿಂಬದಿಯ ರೂಮು, ನೆಲಮಹಡಿ, ಬೇಗ ಒಳಬರುವ ಅವಕಾಶ ಇವೆಲ್ಲ ಮಾತಿನಲ್ಲಿ ಸಿಗುತ್ತವೆ. ಮಾತಾದದ್ದನ್ನು ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಬರೆದು ಕಳಿಸಲು ಹೇಳಿ. ಕರಾವಳಿ ಉತ್ಸವ ಅದೇ ವಾರ ನಡೆಯುವುದಿದೆಯೇ ಎಂದೂ ವಿಚಾರಿಸಿ. ಆ ದಿನಗಳಲ್ಲಿ ರೂಮು ಸಿಗುವುದೂ ಕಷ್ಟ, ತೀರದ ಬಳಿ ರಾತ್ರಿ ನಿದ್ದೆಯೂ ಕಷ್ಟ.

ಪ್ರಶ್ನೆ: ಏಳು ವರ್ಷದ ಮಗನನ್ನು ಕರೆದುಕೊಂಡು ಎರಡು ದಿನ ಮೈಸೂರಿಗೆ ಹೋಗುತ್ತಿದ್ದೇವೆ. ಮಧ್ಯಪೇಟೆಯ ಹೋಟೆಲೋ, ಊರ ಹೊರಗೆ ಈಜುಕೊಳವಿರುವ ಹೋಟೆಲೋ?
— ಓದುಗರೊಬ್ಬರು, ಕಾರವಾರ

ಉತ್ತರ: ಎರಡೇ ದಿನವಾದರೆ ಮಧ್ಯಪೇಟೆ. ಅರಮನೆ ಮತ್ತು ಮೃಗಾಲಯ ಒಂದಕ್ಕೊಂದು ಹತ್ತಿರದಲ್ಲಿವೆ. ಅವುಗಳ ಆಸುಪಾಸಿನಲ್ಲಿ ಉಳಿದರೆ ಬೆಳಿಗ್ಗೆ ಮೃಗಾಲಯ ನೋಡಿ, ದಣಿದ ಹುಡುಗನನ್ನು ಮಧ್ಯಾಹ್ನ ರೂಮಿಗೆ ತಂದು ಮಲಗಿಸಿ, ಸಂಜೆ ಮತ್ತೆ ಹೊರಡಬಹುದು. ಊರ ಹೊರಗಿನ ಹೋಟೆಲಿನಲ್ಲಿ ಉಳಿದವರು ಮಧ್ಯಾಹ್ನದ ವಿಶ್ರಾಂತಿಗೆ ಹಿಂದಿರುಗುವುದಿಲ್ಲ, ಮಗು ಸಂಜೆಯವರೆಗೂ ಬಿಸಿಲಿನಲ್ಲೇ ತಿರುಗಬೇಕಾಗುತ್ತದೆ. ದಿನಗಳನ್ನು ಆರಿಸುವಾಗ ಮಂಗಳವಾರ ಬೇಡ, ಅಂದು ಮೃಗಾಲಯಕ್ಕೆ ರಜೆ. ಭಾನುವಾರ ರಾತ್ರಿ ಅರಮನೆಗೆ ದೀಪಾಲಂಕಾರವಿರುತ್ತದೆ, ಆದ್ದರಿಂದ ಭಾನುವಾರ ಮತ್ತು ಸೋಮವಾರ ನಿಮಗೆ ಸರಿಹೊಂದುತ್ತವೆ. ದಸರೆಯ ದಿನಗಳಲ್ಲಿ ಬಾಡಿಗೆ ಏರುತ್ತದೆ.

ಒಂದು ಮಾತು ಮಾತ್ರ ಸ್ಪಷ್ಟಪಡಿಸಿಕೊಳ್ಳಿ. ಕೆಲವು ಹೋಟೆಲುಗಳಲ್ಲಿ ಐದು ವರ್ಷದವರೆಗೆ, ಕೆಲವು ಕಡೆ ಅದಕ್ಕಿಂತ ಹೆಚ್ಚಿನ ವಯಸ್ಸಿನವರೆಗೆ ಮಕ್ಕಳಿಗೆ ಶುಲ್ಕವಿರುವುದಿಲ್ಲ. ಹಾಗಿದ್ದರೂ ಬೆಳಗಿನ ತಿಂಡಿಗೆ ಬೇರೆಯೇ ದರ ಹಾಕುವುದುಂಟು. ಮಗನ ನಿಜವಾದ ವಯಸ್ಸು ಹೇಳಿ, ಹಾಸಿಗೆಗೆ ಎಷ್ಟು, ತಿಂಡಿಗೆ ಎಷ್ಟು ಎಂದು ಕೇಳಿ. ಅಲ್ಲಿಯೇ ಊಟ ಮಾಡಿದಾಗ ಬಿಲ್ಲಿನಲ್ಲಿ ಸೇವಾಶುಲ್ಕವನ್ನು ತಾವಾಗಿಯೇ ಸೇರಿಸಿದ್ದರೆ ಅದನ್ನು ತೆಗೆಯಲು ಹೇಳುವ ಹಕ್ಕು ನಿಮಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೀಗೆ ಹೇಳುತ್ತದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ.

ಪ್ರಶ್ನೆ: ಮಾರಿಕಾಂಬಾ ಜಾತ್ರೆಗೆ ಐದು ತಿಂಗಳ ಕೂಸಿನೊಡನೆ ಶಿರಸಿಗೆ ಬರುವವರಿದ್ದೇವೆ. ಗದ್ದುಗೆಯ ಹತ್ತಿರವೇ ರೂಮು ಮಾಡಬೇಕೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಯ ದಿನಗಳಲ್ಲಿ ದೇವಿಯ ಗದ್ದುಗೆಯಿರುವ ಬಿಡಕಿಬೈಲಿನ ಸುತ್ತ ರಾತ್ರಿಯೆಲ್ಲ ಜನ, ಧೂಳು, ಧ್ವನಿವರ್ಧಕ. ಅಷ್ಟು ಎಳೆಯ ಕೂಸಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ. ಪೇಟೆಯಿಂದ ಐದಾರು ಕಿಲೋಮೀಟರ್ ಹೊರಗೆ, ತೋಟದ ಮನೆಗಳಲ್ಲಿ ಹೋಂಸ್ಟೇ ನಡೆಸುವವರ ಬಳಿ ಉಳಿಯಿರಿ. ಕುದಿಸಿದ ನೀರು, ಕೂಸಿನ ಬಟ್ಟೆ ಒಣಗಿಸಲು ಅಂಗಳ, ಕೂಸಿನ ತಾಯಿಗೆ ಬೇಕೆಂದಾಗ ಒಂದು ಲೋಟ ಬಿಸಿ ಗಂಜಿ ಅಂಥ ಮನೆಗಳಲ್ಲಿ ಸಿಗುತ್ತವೆ. ದೇವಿಯ ದರ್ಶನಕ್ಕೆ ಬೆಳಗಿನ ಜಾವವೇ ಹೋಗಿ, ಬಿಸಿಲೇರುವ ಮೊದಲು ಮರಳಿ ಬನ್ನಿ. ಆ ಮನೆಯವರು ಜಾತ್ರೆಯ ದಿನಗಳಲ್ಲಿ ವಾಹನ ಎಲ್ಲಿಯವರೆಗೆ ಬಿಡುತ್ತಾರೆ ಎಂಬುದನ್ನು ಬಲ್ಲವರಾಗಿರುತ್ತಾರೆ. ಕೂಸನ್ನು ಎಷ್ಟು ದೂರ ಎತ್ತಿಕೊಂಡು ನಡೆಯಬೇಕೆಂದು ಹಿಂದಿನ ರಾತ್ರಿಯೇ ಅವರನ್ನು ಕೇಳಿಟ್ಟುಕೊಳ್ಳಿ.