ನೊರೆಯ ಲೆಕ್ಕ ಯಾರ ಹೆಸರಿಗೆ ಬರೆಯೋಣ?

ಬೆಂಗಳೂರಿನ ವರ್ತೂರು ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಉದ್ದದ ಪತ್ರ, ಸಾರ ಇಷ್ಟು:

"ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು ಕಣ್ಣಾರೆ ಕಂಡವನು ನಾನು. ಮನುಷ್ಯ ಪ್ರಕೃತಿಯಿಂದ ದೂರವಾಗಿದ್ದಾನೆ, ಪ್ರಕೃತಿ ಅವನಿಗೆ ಶಿಕ್ಷೆ ಕೊಡುತ್ತಿದೆ. ಆದರೂ ಜನ ಬದಲಾಗುವುದಿಲ್ಲ. ನೀವು ಪತ್ರಿಕೆಯವರು ಎಲ್ಲದಕ್ಕೂ ಸರ್ಕಾರವನ್ನು ಬೈಯುತ್ತೀರಿ. ತಪ್ಪು ನಮ್ಮೆಲ್ಲರದು ಎಂದು ಯಾಕೆ ಬರೆಯುವುದಿಲ್ಲ? ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ, ಪ್ರಕೃತಿಯ ಮೇಲೆ ಪ್ರೀತಿ ಹುಟ್ಟಿಸಿ ಎಂದು ಬರೆಯಿರಿ. ಕೊನೆಯದಾಗಿ, ನೊರೆ ಬರದ ಸೋಪಿನ ಪುಡಿ ಯಾವುದು ಅಂತ ತಿಳಿಸಿ."

ಮೇಷ್ಟ್ರೇ, ನಮಸ್ಕಾರ.

ಸೋಪಿನ ಪುಡಿಯಿಂದಲೇ ಶುರು ಮಾಡುತ್ತೇನೆ. ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಪ್ರಶ್ನೆಯೇ. ಅಂಗಡಿಯಲ್ಲಿ ಫಾಸ್ಫೇಟ್ ಇಲ್ಲದ ಪುಡಿ ಸಿಗುತ್ತದೆ, ತಂದುಕೊಳ್ಳಿ, ಒಳ್ಳೆಯದೇ. ಆದರೆ ನೊರೆ ಅದರಿಂದ ನಿಲ್ಲುವುದಿಲ್ಲ. ಫಾಸ್ಫೇಟ್ ಎಂದರೆ ಕೆರೆಯ ಕಳೆಗೆ ಗೊಬ್ಬರ. ನೀರು ಕಾಣದ ಹಾಗೆ ಹಸಿರು ಮುಚ್ಚಿಕೊಳ್ಳುವುದು ಅದರಿಂದ. ನೊರೆ ಎಬ್ಬಿಸುವುದು ಬೇರೆ, ಕೊಳೆ ಬಿಡಿಸುವ ಸರ್ಫ್ಯಾಕ್ಟಂಟ್. ಅದು ಬಟ್ಟೆ ಒಗೆಯುವ ಪುಡಿಯಲ್ಲೂ ಇದೆ, ಶಾಂಪೂವಿನಲ್ಲೂ ಇದೆ, ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೂ ಇದೆ. ಕೊಳಚೆ ನೀರಿಗೆ ಚೆನ್ನಾಗಿ ಗಾಳಿ ಊದಿದರೆ ಬ್ಯಾಕ್ಟೀರಿಯಾಗಳು ಅದರ ಬಹುಪಾಲನ್ನು ತಿಂದು ಮುಗಿಸುತ್ತವೆ. ಶುದ್ಧೀಕರಣ ಘಟಕ ಇರುವುದೇ ಅದಕ್ಕೆ. ಊದದೆ ಹಾಗೇ ಬಿಟ್ಟರೆ, ಆಮ್ಲಜನಕ ಇಲ್ಲದ ಕೆರೆಯಲ್ಲಿ ಅದು ಹೂಳಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತದೆ. ಜೋರು ಮಳೆ ಬಂದರೆ ಹೂಳು ಕದಡುತ್ತದೆ. ಕೋಡಿಯಲ್ಲಿ ನೀರು ಮೇಲಿಂದ ಬೀಳುವಾಗ ಗಾಳಿ ಸೇರುತ್ತದೆ. ಆಗ ನೊರೆ ಗುಡ್ಡೆಗುಡ್ಡೆಯಾಗಿ ಏಳುತ್ತದೆ. ಹಾಗಾಗಿ ನೀವು ಕಂಡ ನೊರೆ ಬರೀ ಆ ವಾರ ಒಗೆದ ಬಟ್ಟೆಯದ್ದಲ್ಲ. ಎಷ್ಟೋ ವರ್ಷಗಳ ಬಚ್ಚಲ ನೀರು ಅದರಲ್ಲಿತ್ತು.

ಇನ್ನು ಪ್ರೀತಿಯ ಮಾತು. ನಮಗೆ ಪ್ರಕೃತಿಯ ಮೇಲೆ ಪ್ರೀತಿ ಕಡಿಮೆಯಾಗಿದೆ ಎನ್ನುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತ ಹತ್ತಲು ಎಂಥ ಜಾತ್ರೆ ನೆರೆದಿತ್ತು, ನೋಡಿರುತ್ತೀರಿ. ಅರಣ್ಯ ಇಲಾಖೆಯೇ ಗಾಬರಿಯಾಗಿ, ಆನ್‌ಲೈನ್ ಬುಕಿಂಗ್ ಬರುವವರೆಗೆ ಚಾರಣ ನಿಲ್ಲಿಸಿತು. ಅವರೆಲ್ಲ ಕಾಡಿನ ಮೇಲೆ ಪ್ರೀತಿ ಇಟ್ಟುಕೊಂಡೇ ಹೋದವರು. ಭಾನುವಾರ ರಾತ್ರಿ ವಾಪಸ್ ಬಂದು ಕೆಸರಾದ ಪ್ಯಾಂಟು ಮೆಷಿನ್ನಿಗೆ ಹಾಕಿದರು. ಆ ನೀರು ಎಲ್ಲಿಗೆ ಹೋಯಿತು ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ನಮ್ಮಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ.

ದೂರವಾದದ್ದು ಅಲ್ಲಿ ಎಂದು ನನ್ನ ಲೆಕ್ಕ. ನಾವು ಮಾಡಿದ್ದು ನಮ್ಮ ಬಾಗಿಲಿಗೆ ವಾಪಸ್ ಬರುವುದು ನಿಂತುಹೋಯಿತು.

ಬೆಂಗಳೂರಿನ ಹತ್ತಿರ ದೊಡ್ಡ ಹೊಳೆ ಇಲ್ಲ. ಊರು ದಿಬ್ಬದ ಮೇಲಿದೆ. ಅದಕ್ಕೇ ಹಿಂದಿನವರು ಮಳೆ ನೀರು ಹಿಡಿಯಲು ಕೆರೆಯಿಂದ ಕೆರೆಗೆ ಕಾಲುವೆ ಜೋಡಿಸಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಇದೆಲ್ಲ ಕೆರೆಯ ಮೇಲಿನ ಪ್ರೀತಿಯಿಂದ ನಡೆಯಿತು ಅಂತ ನಾನು ನಂಬುವುದಿಲ್ಲ. ತೂಬಿನ ಕೆಳಗೆ ಅವರದೇ ಗದ್ದೆ ಇತ್ತು, ಅವರದೇ ದನ ಆ ನೀರು ಕುಡಿಯುತ್ತಿದ್ದವು. ಕೆರೆ ಕೆಟ್ಟರೆ ಮುಂದಿನ ಬೆಳೆಗೇ ಏಟು. ಹಾಗಂತ ಆ ಕಾಲ ಬಂಗಾರದ ಕಾಲವೇನೂ ಅಲ್ಲ. ನೀರಗಂಟಿ ಬಹಳಷ್ಟು ಕಡೆ ದಲಿತ ಕುಟುಂಬದವನು. ಊರಿಗೆಲ್ಲ ನೀರು ಹಂಚುವ ಅವನಿಗೆ ಊರ ಬಾವಿ ಮುಟ್ಟುವ ಹಾಗಿರಲಿಲ್ಲ. "ಹಿಂದಿನವರ ಹಾಗೆ ಬದುಕೋಣ" ಎನ್ನುವ ಪತ್ರಗಳು ಬಂದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಆಮೇಲೆ ನಲ್ಲಿ ಬಂತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಇವತ್ತು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿ ನೀರನ್ನು ಪಂಪ್ ಮಾಡುತ್ತಾರೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲೇ. ನಲ್ಲಿಯನ್ನು ನಾನು ಬೈಯುತ್ತಿಲ್ಲ. ಕೊಡ ಹೊತ್ತ ಹೆಂಗಸರನ್ನು ಕೇಳಿ, ನಲ್ಲಿ ಬೇಡ ಅಂತ ಒಬ್ಬರೂ ಅನ್ನುವುದಿಲ್ಲ. ಆದರೆ ಕುಡಿಯುವ ನೀರು ಕೆರೆಯದ್ದಲ್ಲ ಅಂತಾದ ಮೇಲೆ ಕೆರೆಯನ್ನು ಕೇಳುವವರಿಲ್ಲದಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ತಗ್ಗಿನಲ್ಲಿದ್ದ ಬೆಳ್ಳಂದೂರು, ವರ್ತೂರು ಉಳಿದವು, ಆದರೆ ಊರಿನ ಕೊಳಚೆಗೆ ದಾರಿಯಾಗಿ. ಬಳಸಿದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಹೂಮಾಲೆ, ಭಾಷಣ ಎಲ್ಲ ಬರುವ ನೀರಿಗೆ. ಹೋಗುವ ನೀರಿಗೂ ಒಂದು ಉದ್ಘಾಟನೆ ಇಟ್ಟುಕೊಂಡರೆ ಚೆನ್ನಾಗಿರುತ್ತಿತ್ತು, ಅಲ್ವಾ?

ಪ್ರಕೃತಿ ಮನುಷ್ಯನಿಗೆ ಶಿಕ್ಷೆ ಕೊಡುತ್ತಿದೆ ಎಂಬ ನಿಮ್ಮ ಮಾತಿಗೆ ನನ್ನ ದೊಡ್ಡ ತಕರಾರಿದೆ. ಯಾವ ಮನುಷ್ಯನಿಗೆ? ವರ್ತೂರು ಕೆರೆಯ ಕೋಡಿ ನೀರು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿದೆ. ಅಲ್ಲಿ ಗೇಟು ಎತ್ತಿದಾಗ ಎಷ್ಟೋ ಸಲ ನೊರೆ ಮೇಲಕ್ಕೆದ್ದು ರಸ್ತೆ ಮುಚ್ಚಿದೆ. ಅಲ್ಲಿನ ರೈತ ಕೋರಮಂಗಲದಲ್ಲಿ ಬಟ್ಟೆ ಒಗೆದವನಲ್ಲ. ಕೋಲಾರದ ಕಥೆ ಕೇಳಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, 2018ರಲ್ಲಿ ಆ ಜಿಲ್ಲೆಯ ಕೆರೆಗಳಿಗೆ ಹರಿಸಲು ಶುರು ಮಾಡಿದರು. ಮೊದಲು ನೀರು ಬಂದ ಲಕ್ಷ್ಮೀಸಾಗರ ಕೆರೆಯಲ್ಲಿ ಸ್ವಲ್ಪ ದಿನಕ್ಕೇ ನೊರೆ ಎದ್ದಿತು. ಬತ್ತಿದ ನಾಡಿಗೆ ನೀರೇನೋ ಬೇಕಿತ್ತು, ಬೋರ್‌ವೆಲ್‌ಗಳಲ್ಲಿ ನೀರೂ ಏರಿದೆ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಅಂತ ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಶಿಕ್ಷೆ ಅಂದರೆ ತಪ್ಪು ಮಾಡಿದವನಿಗೆ ಸಿಗಬೇಕು. ಇಲ್ಲಿ ಅದು ಕೆಳಗಿದ್ದವರಿಗೆ ಸಿಗುತ್ತಿದೆ. ಇದನ್ನು ಪ್ರಕೃತಿಯ ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ತಪ್ಪು ನಮ್ಮೆಲ್ಲರದು ಎಂದು ಬರೆಯಿರಿ ಎಂದಿರಿ. ಬರೆಯುವುದು ಬಹಳ ಸುಲಭ ಮೇಷ್ಟ್ರೇ, ಅದಕ್ಕೇ ಹಿಂಜರಿಕೆ. ಎಲ್ಲರದು ಎಂದ ತಕ್ಷಣ ಯಾರೂ ಎದ್ದು ನಿಲ್ಲಬೇಕಾಗಿಲ್ಲ. ತಪ್ಪಿನಲ್ಲಿ ಪಾಲಿದೆ, ಪಾಲುಗಳು ಒಂದೇ ಅಳತೆಯವಲ್ಲ. ಒಳಚರಂಡಿ ಇಲ್ಲದ ಕಡೆ ಸಾವಿರಾರು ಮನೆಗೆ ಅನುಮತಿ ಕೊಟ್ಟವರ ಪಾಲು ಒಂದು. ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ತೋರಿಸಿ ಫ್ಲ್ಯಾಟ್ ಮಾರಿ, ಕೈತೊಳೆದುಕೊಂಡ ಬಿಲ್ಡರ್ ಪಾಲು ಇನ್ನೊಂದು. ಕರೆಂಟ್ ಉಳಿಸಲು ರಾತ್ರಿ ಆ ಘಟಕಕ್ಕೆ ಗಾಳಿ ಊದುವ ಬ್ಲೋವರ್ ಆಫ್ ಮಾಡಿಸುವ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಪಾಲು ಮತ್ತೊಂದು. ನಿಮ್ಮ ಮನೆಯ ಸೊಸೆ ಹಾಕುವ ಒಂದು ಚಮಚ ಪುಡಿಗೂ ಪಾಲಿದೆ, ಇಲ್ಲ ಅನ್ನುವುದಿಲ್ಲ. ಅದು ಚಮಚದಷ್ಟೇ. (ಮಗನೇ ಹಾಕುತ್ತಿದ್ದರೆ ಕ್ಷಮೆ ಇರಲಿ.)

ಸುಲಭವಾಗಿ ಕೈಗೆ ಸಿಗುವವರನ್ನು ಹಿಡಿದರೆ ಏನಾಗುತ್ತದೆ ಎಂಬುದನ್ನೂ ನೋಡಿದೆವು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಿ ಎಂದಿತು. ಆ ಮಳೆಗಾಲದಲ್ಲೂ ನೊರೆ ಬಂತು. ಕೆರೆಗೆ ಬರುತ್ತಿದ್ದುದರಲ್ಲಿ ಬಹುಪಾಲು ಮನೆಗಳ ಕೊಳಚೆಯಾಗಿತ್ತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ, ಆರಿಸಲು ಸೇನೆಯ ಸಾವಿರಾರು ಜವಾನರು ಬರಬೇಕಾಯಿತು. ಒಣ ಕಳೆ, ಕಸ, ಹೂಳಿನಿಂದ ಏಳುವ ಮೀಥೇನ್, ಉರಿಯಲು ಬೇಕಾದ್ದೆಲ್ಲ ಅಲ್ಲಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ಹಣವೂ ನಮ್ಮ ತೆರಿಗೆಯದ್ದೇ. ಆದರೂ ಅದು ನನಗೆ ಸರಿ ಎನಿಸುತ್ತದೆ, ಕೊನೆಗೂ ಕಾಗದದ ಮೇಲೆ ಒಂದು ಹೆಸರು ಬಿತ್ತಲ್ಲ ಎಂಬ ಕಾರಣಕ್ಕೆ. ಸರ್ಕಾರವನ್ನು ಬೈಯುವುದನ್ನು ಹಾಗಾಗಿ ಬಿಡುವುದಿಲ್ಲ, ನೀವು ಬೇಸರ ಮಾಡಿಕೊಂಡರೂ.

ಜನ ಬದಲಾಗುವುದಿಲ್ಲ ಎಂದೂ ಬರೆದಿದ್ದೀರಿ. 2024ರ ಮಾರ್ಚ್ ನೆನಪಿಸಿಕೊಳ್ಳಿ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರ ಏರಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ತಿಂಗಳು. ಅಲ್ಲಿಯವರೆಗೆ ಎಸ್‌ಟಿಪಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ಅದರ ನೀರನ್ನು ಟಾಯ್ಲೆಟ್ಟಿಗೆ ಬಿಡಿ ಅಂತ ಕೇಳಿದರು. ಯಾರೂ ಅವರನ್ನು ಕಾಡಿಗೆ ಕರೆದೊಯ್ದಿರಲಿಲ್ಲ. ಮಳೆ ಬಂದ ಮೇಲೆ ಆ ಚರ್ಚೆ ತಣ್ಣಗಾಯಿತು ಎನ್ನುವುದು ಬೇರೆ ಮಾತು.

ಮೊಮ್ಮಕ್ಕಳನ್ನು ಕಾಡಿಗೆ ಖಂಡಿತ ಕರೆದುಕೊಂಡು ಹೋಗಿ, ಸುಮ್ನೆ ಸಂತೋಷಕ್ಕೆ. ಅದಕ್ಕೆ ಮೊದಲು ಒಂದು ದಿನ ನಿಮ್ಮ ಬೇಸ್‌ಮೆಂಟಿಗೆ ಹೋಗಿ. ಎಸ್‌ಟಿಪಿ ಆಪರೇಟರ್ ಜೊತೆ ಮಾತಾಡಿ. ಬ್ಲೋವರ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ನೀರಿನ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು, ಹೂಳು ಯಾರು ಒಯ್ಯುತ್ತಾರೆ, ಉಳಿದ ನೀರಿನ ಪೈಪು ಎಲ್ಲಿಗೆ ಸೇರುತ್ತದೆ ಅಂತ ಕೇಳಿ. ಲಾಗ್‌ಬುಕ್ ತೋರಿಸಲು ಅಸೋಸಿಯೇಷನ್‌ನವರು ತಕರಾರು ಮಾಡಿದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಮೇಷ್ಟ್ರಾಗಿದ್ದವರು, ಗಟ್ಟಿ ದನಿ ಇದ್ದೇ ಇರುತ್ತದೆ. ಸಿಕ್ಕ ಉತ್ತರವನ್ನು ನಮಗೆ ಕಳಿಸಿ. ಹೆಸರು ಬೇಡವೆಂದರೆ ಈ ಸಲವೂ ಹಾಕುವುದಿಲ್ಲ, ಆದರೆ ಲಾಗ್‌ಬುಕ್‌ನ ಫೋಟೋ ಹಾಕುತ್ತೇವೆ.

– ಸಂ.