ಮೊದಲು ಬಿಡುಗಡೆ, ಆಮೇಲೆ ಸಿನಾಯ್

ಪ್ರಶ್ನೆ: ಯೆಹೂದಿ ಧರ್ಮದಲ್ಲಿ ಆತ್ಮದ ಬಿಡುಗಡೆಗೂ ದೇಶದ ಸ್ವಾತಂತ್ರ್ಯಕ್ಕೂ ಏನು ಸಂಬಂಧ?

ಉತ್ತರ: ತುಂಬಾ ಹತ್ತಿರದ ಸಂಬಂಧ. ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದ ಕಥೆಯ ಕ್ರಮವನ್ನೇ ನೋಡಿ: ಮೊದಲು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ, ಆಮೇಲೆ ಸಿನಾಯ್ ಬೆಟ್ಟದಲ್ಲಿ ಧರ್ಮದ ಕಟ್ಟಳೆ. ಅಲ್ಲಿನ ರಾಜ ಫರೋಹನಿಗಾಗಿ ಇಟ್ಟಿಗೆ ಮಾಡುತ್ತಿದ್ದವರಿಗೆ ದೇವರ ಮಾತು ಕೇಳಲು ಪುರುಸೊತ್ತಾದರೂ ಎಲ್ಲಿತ್ತು, ಅಲ್ವಾ? ಬೆಟ್ಟದ ಬುಡದಲ್ಲಿ ಜನ ಒಬ್ಬನೇ ಮನುಷ್ಯನಂತೆ, ಒಂದೇ ಮನಸ್ಸಿನಿಂದ ಬೀಡುಬಿಟ್ಟಿದ್ದರು ಅಂತ ರಾಶಿ ಎಂಬ ತೋರಾ ಭಾಷ್ಯಕಾರರು ಹೇಳುತ್ತಾರೆ. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಇನ್ನೂ ನೇರ: ಮುಂದೆ ಬರಲಿರುವ ವಿಮೋಚಕ ಮೆಸ್ಸೀಯನ ಕಾಲದಲ್ಲಿ ಲೋಕದ ನಡೆ ಬದಲಾಗದು, ಪರರ ಆಳ್ವಿಕೆ ಮಾತ್ರ ತಪ್ಪುತ್ತದೆ, ಆಗ ನೆಮ್ಮದಿಯಾಗಿ ತೋರಾ ಕಲಿಯಬಹುದು. ಆದರೆ ಸ್ವಾತಂತ್ರ್ಯ ಒಂದೇ ಸಾಲದು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ಎರಡನೇ ದೇವಾಲಯ ನಾಶವಾದದ್ದು ಜನ ಸುಮ್ನೆ ಒಬ್ಬರನ್ನೊಬ್ಬರು ದ್ವೇಷಿಸಿದ್ದಕ್ಕೆ ಎನ್ನುತ್ತದೆ ಯೆಹೂದಿ ಗುರುಗಳ ಚರ್ಚೆಗಳ ಗ್ರಂಥ ತಾಲ್ಮುದ್. ನನಗೆ ಈ ಮಾತೇ ಜಾಸ್ತಿ ಮುಖ್ಯ ಅನಿಸುತ್ತದೆ. 1948ರಲ್ಲಿ ಹುಟ್ಟಿದ ಇಸ್ರೇಲನ್ನು ಹಲವರು ವಿಮೋಚನೆಯ ಮೊದಲ ಮೊಳಕೆ ಎಂದು ಪ್ರಾರ್ಥನೆಯಲ್ಲಿ ನೆನೆಯುತ್ತಾರೆ. ಸತ್ಮಾರ್ ಎಂಬ ಕಟ್ಟಾ ಸಂಪ್ರದಾಯಸ್ಥ ಯೆಹೂದಿ ಪಂಥದವರು ಮಾತ್ರ, ಮೆಸ್ಸೀಯ ಬರುವ ಮುನ್ನ ರಾಜ್ಯ ಕಟ್ಟಿದ್ದೇ ತಪ್ಪು ಎನ್ನುತ್ತಾರೆ.